ರೊಟ್ಟಿಯಲ್ಲಿ ಮಳೆ ಜೋಡಿಸಿದ ಕಾಕು

ನಮ್ಮ ಕಾಕುವಿನ ಮನೆಗೆ ಊಟಕ್ಕೆ ಹೋಗುವವರು ಮೊದಲೊಂದು ಮಾತು ಕೇಳಿಕೊಳ್ಳಬೇಕು: ಬುಟ್ಟಿಯಲ್ಲಿರುವುದು ರೊಟ್ಟಿಯೋ, ಮಳೆಯೋ? ನಗಬೇಡಿ! ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ನನ್ನ ಚಿಕ್ಕಮ್ಮನಿಗೆ ಅಂಕಿಅಂಶಗಳು ಕಾಗದದ ಮೇಲಿದ್ದರೆ ಸಮಾಧಾನವೇ ಇಲ್ಲ. ಮಕ್ಕಳು ಅಳೆದದ್ದನ್ನು ಜನ ಕಣ್ಣಾರೆ ನೋಡಬೇಕು, ಕೈಯಿಂದ ಮುಟ್ಟಬೇಕು.

ಹೋದ ಬೇಸಿಗೆಯಲ್ಲಿ ದಿನದಿನದ ಉಷ್ಣತೆಯನ್ನು ಮಕ್ಕಳಿಂದ ಬಟ್ಟೆ ತುಂಡುಗಳ ಕೌದಿಯಾಗಿ ಹೊಲಿಸಿದಳು. ಬಿಸಿಲೇರಿದ ದಿನಕ್ಕೆ ಕೆಂಪು ತುಂಡು. ನಮ್ಮ ಕಡೆಯ ಮೇ ತಿಂಗಳೆಂದರೆ ಕೇಳಬೇಕೇ? ಕೆಂಪು ಬಟ್ಟೆ ಸಾಲದೆ, ಕಾಕಾ ಪೂಜೆಗೆ ಉಡುವ ಕೆಂಪು ಮಡಿಗೇ ಕತ್ತರಿ ಬಿತ್ತು!

“ದೇವರ ಮುಂದ ಏನ್ ಉಟ್ಕೊಂಡ್ ಕೂಡ್ಲಿ?” ಎಂದು ಕಾಕಾ ಕೂಗಾಡಿದರು.

“ಈ ಸಲ ಬಿಸಲು ಭಾಳ ಇತ್ತು ಅಂತ ಹೇಳ್ರಿ, ದೇವರಿಗೆ ತಿಳೀತದ,” ಎಂದಳು ಕಾಕು.

ಈ ವರ್ಷ ಮಳೆಯ ಸರದಿ. ಝಳಕಿಯಿಂದ ಬರುವ ರೇಣುಕಾ ಎಂಬ ವಿದ್ಯಾರ್ಥಿನಿ ಮಳೆಗಾಲವಿಡೀ ಅಂಗಳದಲ್ಲಿ ಕತ್ತರಿಸಿದ ಬಾಟಲಿ ಇಟ್ಟು ನೀರು ಅಳೆದಿದ್ದಳು. ಒಂದು ಸೆಂಟಿಮೀಟರ್ ಮಳೆಗೆ ಒಂದು ಖಡಕ್ ರೊಟ್ಟಿ, ತಿಂಗಳಿಗೊಂದು ಗುಡ್ಡೆ. ಸಿಂದಗಿಯ ವಿಜ್ಞಾನ ಪ್ರದರ್ಶನದಲ್ಲಿ ಅವಳೇ ವಿವರಿಸಬೇಕು. ತೊಂದರೆ ಒಂದೇ: ರೇಣುಕಾ ಶಾಲೆಯಲ್ಲಿ ಬಾಯಿ ಬಿಟ್ಟವಳೇ ಅಲ್ಲ! ಹಾಜರಿ ಕರೆದರೂ ಕೈ ಎತ್ತುತ್ತಾಳಷ್ಟೇ.

“ಆ ಮೂಗಿನ್ನ ಯಾಕ ಕರ್ಕೊಂಡ್ ಹೊಂಟೀರಿ, ಟೀಚರ್?” ಎಂದರು ಹೆಡ್‌ಮಾಸ್ತರರು. “ಆಕಿ ಅಲ್ಲಿ ಸುಮ್ಮ ನಿಂತ್ರ ನಿಮ್ಮ ಈ ರೊಟ್ಟಿ, ಕೌದಿ ಆಟ ಎಲ್ಲಾ ಬಂದ್. ಮುಂದ ನೋಟ್ಸ್ ಬರಸ್ಕೋತ ಇರ್ರಿ.”

“ಮಳಿ ಅಳದಾಕಿ ಆಕಿ. ಆಕಿನ ಹೇಳ್ತಾಳ್ರಿ.”

ಕಾಕು ಧೈರ್ಯದಿಂದ ಹೇಳಿದಳು, ನಿಜ. ಮನೆಗೆ ಬಂದವಳು ಚಹಾಕ್ಕೆ ಉಪ್ಪು ಹಾಕಿದಳು.

ಸಿಂದಗಿಗೆ ಹೊರಟ ಕಾರು ನನ್ನದು. ಅಬ್ಬಾ, ಆ ಪ್ರಯಾಣವೇ! ಒಂದೊಂದು ತಗ್ಗಿಗೂ ಹಿಂದಿನ ಸೀಟಿನಿಂದ ಚಟ್ ಎಂಬ ಸದ್ದು.

“ಲೇ, ಸಾವಕಾಶ ಹೊಡಿಯೋ! ಜುಲೈ ಒಡೀತು!” ಎಂದು ಪಕ್ಕದ ಸೀಟಿನಿಂದ ಕಾಕು ಕೂಗಿದಳು.

ಕನ್ನಡಿಯಲ್ಲಿ ನೋಡಿದರೆ ರೇಣುಕಾ ಬುಟ್ಟಿ ತಬ್ಬಿಕೊಂಡು, ತುಟಿ ಬಿಗಿದು ಕೂತಿದ್ದಳು.

ತೀರ್ಪುಗಾರರು ನಮ್ಮ ಮೇಜಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

“ಏನವ್ವಾ ಇದು?”

ರೇಣುಕಾ ನೆಲ ನೋಡಿದಳು.

“ಯಾರು ಅಳದ್ರು? ಹೇಳವ್ವಾ.”

ಎಲ್ಲರ ಮಾತಿಗೂ ನಡುವೆ ಬಾಯಿ ಹಾಕುವ ಕಾಕು ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಮುಗಿಯಿತು, ಇನ್ನು ನೋಟ್ಸೇ ಗತಿ ಎಂದುಕೊಂಡೆ. ತೀರ್ಪುಗಾರರೋ ಹಸಿದ ಮನುಷ್ಯ, ಎದುರಿಗೆ ಖಡಕ್ ರೊಟ್ಟಿ. ನಮ್ಮ ಕಡೆಯವರ ಕೈ ಸುಮ್ಮನಿರುತ್ತದೆಯೇ? ಉತ್ತರಕ್ಕೆ ಕಾಯುತ್ತಲೇ ಅವರು ಎತ್ತರದ ಗುಡ್ಡೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಕೈ ಮತ್ತೆ ಮುಂದೆ ಬಂತು.

“ಸರ್! ಅದು ಸೆಪ್ಟೆಂಬರ್ ಐತ್ರಿ! ತಿನಬ್ಯಾಡ್ರಿ!”

ಇಡೀ ಸಭಾಂಗಣ ತಿರುಗಿ ನೋಡಿತು. ರೇಣುಕಾಳ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಜೂನಿನಲ್ಲಿ ಅಪ್ಪ ತೊಗರಿ ಬಿತ್ತಿದ್ದು, ಆಗಸ್ಟಿನಲ್ಲಿ ಮೋಡ ಬಂದು ಹಾಗೇ ಹೋದದ್ದು, ಸೆಪ್ಟೆಂಬರಿನಲ್ಲಿ ಗಾಳಿಗೆ ಬಾಟಲಿ ಉರುಳದಂತೆ ತಾನು ನೆನೆಯುತ್ತ ಕಾದು ಕೂತದ್ದು, ಎಲ್ಲವನ್ನೂ ಹೇಳಿದಳು. ತೀರ್ಪುಗಾರರು ನುಂಗಲೂ ಆಗದೆ, ಉಗುಳಲೂ ಆಗದೆ ತಲೆಯಾಡಿಸುತ್ತ ನಿಂತರು.

ಬಹುಮಾನ ಬರಲಿಲ್ಲ. ಮರಳಿ ಬರುವಾಗ ಹಿಂದಿನ ಸೀಟಿನಲ್ಲಿ ರೇಣುಕಾಳ ಮಾತು ನಿಲ್ಲಲೇ ಇಲ್ಲ. ತಲೆ ಚಿಟ್ಟು ಹಿಡಿದು ರೇಡಿಯೊ ಹಚ್ಚಲು ಹೋದೆ. ಕಾಕು ನನ್ನ ಕೈ ಹಿಡಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

“ಬ್ಯಾಡೋ,” ಎಂದಳು ಮೆಲ್ಲಗೆ. “ಎರಡು ವರ್ಷ ಪಾಠ ಮಾಡೀನಿ. ಆಕಿ ದನಿ ಹೆಂಗದ ಅಂತ ಇವತ್ತ ಗೊತ್ತಾತು. ಕೇಳೂಣು ತಡಿ.”