ಹುಳುಮನೆಯಲ್ಲಿ ನನ್ನ ಪಾಠದ ಪರೀಕ್ಷೆ

ಮೇಷ್ಟ್ರಾಗೋಕೆ ಟ್ರೈನಿಂಗ್ ಬೇಕೋ ಬೇಡವೋ ಅನ್ನೋ ಜಗಳ ನಮ್ಮ ಕೋಲಾರದ ಕಡೆ ಎಲ್ಲಿ ಶುರುವಾದರೂ, ಅದು ಮುಗಿಯುವಷ್ಟರಲ್ಲಿ ಯಾರಾದರೂ ನಕ್ಕಿರುತ್ತಾರೆ. ಎಂಬತ್ತರ ದಶಕದ ಮೊದಲಲ್ಲಿ ನಾನು ಟಿ.ಸಿ.ಎಚ್. ಅನ್ನೋ ಆ ಟ್ರೈನಿಂಗನ್ನೇ ಮಾಡುತ್ತಿದ್ದೆ. ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲಿ ಓದಿ ಬಂದವಳು, ಕನ್ನಡದಲ್ಲಿ ಬಾಯಿ ಬಿಡೋಕೇ ಹೆದರಿಕೆ. ಹಾಗಾಗಿ ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

೧. ಲೈಸೆನ್ಸು

ಪಾಠ ಮಾಡಿ ಕಲಿಯಲಿ ಅಂತ ನನ್ನನ್ನು ಹುತ್ತೂರಿನ ಹತ್ತಿರದ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ನಾಲ್ಕೂ ತರಗತಿಗೆ ಅಲ್ಲಿ ಒಬ್ಬರೇ ಮೇಷ್ಟ್ರು. ಟ್ರೈನಿಂಗ್ ಆದವರು ಸಿಗದ ಕಾಲದಲ್ಲಿ ಸೇರಿದವರು, ಟ್ರೈನಿಂಗ್ ಇಲ್ಲದೆಯೇ ತಲೆ ನರೆಸಿಕೊಂಡವರು. ನನ್ನ ಪಾಠ ನೋಡೋಕೆ ಬರುತ್ತಿದ್ದ ಕಾಲೇಜಿನ ಮೇಡಂಗೆ ಅವರನ್ನು ಕಂಡರೆ ವಾದ ಮಾಡದೆ ಇರೋಕಾಗುತ್ತಿರಲಿಲ್ಲ.

ಒಂದು ದಿನ ಮೇಡಂ, ಟ್ರೈನಿಂಗ್ ಇಲ್ಲದೆ ಪಾಠ ಮಾಡೋದು ಲೈಸೆನ್ಸ್ ಇಲ್ಲದೆ ಬಸ್ಸು ಓಡಿಸಿದ ಹಾಗೆ ಅಂದರು. ಮೇಷ್ಟ್ರು ತಾಳ್ಮೆಯಿಂದ ಕೇಳಿಸಿಕೊಂಡರು.

“ಲೈಸೆನ್ಸ್ ಇರೋ ಡ್ರೈವರುಗಳೂ ಬಂದಿದ್ರು ಮೇಡಂ. ಬಸ್ಸು ಇಲ್ಲೇ ಬಿಟ್ಟು ವರ್ಗ ಮಾಡಿಸ್ಕೊಂಡು ಹೋದ್ರು. ಒಳಗೆ ಮಕ್ಕಳು ಕೂತಿದ್ರಲ್ಲ, ಅದಕ್ಕೆ ನಾನು ಸ್ಟೇರಿಂಗ್ ಹಿಡ್ಕೊಂಡೆ.”

ಮೇಡಂ ಆ ದಿನ ಟೀ ಕುಡಿದು, ಉಳಿದ ವಾದವನ್ನು ಮುಂದಿನ ಸಲಕ್ಕೆ ಇಟ್ಟು ಹೊರಟರು.

೨. ಪೋಸ್ಟಾಫೀಸು

ನನ್ನ ದನಿ ಮೊದಲ ಸಾಲು ದಾಟುತ್ತಿರಲಿಲ್ಲ. ಮಕ್ಕಳೇ ಒಂದು ದಾರಿ ಕಂಡುಕೊಂಡರು. ನಾನು ಹೇಳಿದ್ದನ್ನು ಮೊದಲ ಸಾಲಿನವರು ತಮ್ಮ ಮನೆಮಾತು ತೆಲುಗಿನಲ್ಲಿ ಎರಡನೇ ಸಾಲಿಗೆ ಹೇಳುವುದು, ಅವರು ಅದರ ಹಿಂದಿನವರಿಗೆ. ಕೊನೇ ಸಾಲಿನ ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು ಬರುತ್ತಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿದರು.

“ಪೋಸ್ಟಾಫೀಸು ಚೆನ್ನಾಗಿ ನಡೀತಾ ಇದೆ ಕಣಮ್ಮ. ಆದ್ರೆ ಮೇಡಂ ನಿನ್ನ ಪಾಠದ ಪರೀಕ್ಷೆ ಮಾಡೋ ದಿನ ನೇರವಾಗಿ ಮುಟ್ಟೋ ಟೆಲಿಗ್ರಾಂ ಬೇಕಾಗುತ್ತೆ.”

೩. ಹುಳು ಹಣ್ಣಾದ ದಿನ

ಪರೀಕ್ಷೆಯ ದಿನ ಬೆಳಗಿನ ಬಸ್ಸಿಗೇ ಮೇಡಂ ಬಂದರು. ನಾನು ಸಿಂಹ ಮತ್ತು ಮೊಲದ ಕಥೆಗೆ ಚಿತ್ರ ಬರೆದುಕೊಂಡು ನಿಂತಿದ್ದೆ. ಶಾಲೆಯಲ್ಲಿ ಒಂದು ಮಗುವೂ ಇಲ್ಲ. ಊರಿನ ದೊಡ್ಡ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿದೆ, ಅಂದರೆ ಗೂಡು ಕಟ್ಟೋಕೆ ತಯಾರಾಗಿದೆ, ಇವತ್ತೇ ಆರಿಸಿ ಚಂದ್ರಿಕೆ ಅನ್ನೋ ಬಿದಿರು ತಟ್ಟಿಗೆ ಬಿಡಬೇಕು, ಎಲ್ಲರೂ ಅಲ್ಲಿದ್ದಾರೆ ಅಂದರು ಮೇಷ್ಟ್ರು. ಮೇಡಂ ನಾಳೆ ಮಾಲೂರಿಗೆ, ನಾಡಿದ್ದು ಶ್ರೀನಿವಾಸಪುರಕ್ಕೆ ಇಂಥದ್ದೇ ಪರೀಕ್ಷೆಗೆ ಹೋಗಬೇಕು. ಇವತ್ತು ಪಾಠ ಆಗದಿದ್ದರೆ ನನಗೆ ಮುಂದಿನ ವರ್ಷವೇ ಸರ್ಟಿಫಿಕೇಟು. ನನ್ನ ಕಣ್ಣು ತುಂಬಿತು.

“ಅಳ್ಬೇಡಮ್ಮ. ಮಕ್ಕಳಿರೋ ಕಡೆ ಶಾಲೆ. ನಡೀರಿ,” ಅಂದರು ಮೇಷ್ಟ್ರು. ಯಾವ ನಿಯಮದಲ್ಲೂ ಇಲ್ಲದ ಈ ಮಾತಿಗೆ ಮೇಡಂ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು. ಅವರನ್ನು ನಾನು ಅತಿ ಹೆಚ್ಚು ಮೆಚ್ಚಿದ್ದು ಆಗಲೇ.

ಹುಳುಮನೆ ಬಾಗಿಲಲ್ಲಿ ಆ ಮನೆಯ ಯಜಮಾನಿ ಕೈಕಾಲು ತೊಳೆಸಿದರು. ಒಳಗೆ ಬಂದವರು ಸುಮ್ಮನೆ ನಿಲ್ಲುವ ಹಾಗಿಲ್ಲ ಅಂತ ಮೇಡಂ ಕೈಗೂ ಒಂದು ತಟ್ಟೆ ಕೊಟ್ಟರು. ಮೇಡಂ ಹಣ್ಣಾದ ಹುಳು ಆರಿಸೋಕೆ ಕೂತರು. ಮೇಷ್ಟ್ರೂ ಕೂತರು.

ಪಾಠ ಶುರುವಾಯಿತು. ಮಕ್ಕಳು ಮೂಲೆ ಮೂಲೆಯಲ್ಲಿದ್ದರು, ಎಲ್ಲರ ಕಣ್ಣೂ ತಟ್ಟೆಯ ಮೇಲೆ. ನನ್ನ ಚಿತ್ರ ನೋಡುವವರೇ ಇಲ್ಲ. ಯಾರೂ ನನ್ನನ್ನು ನೋಡುತ್ತಿಲ್ಲ ಅನ್ನುವ ಧೈರ್ಯಕ್ಕೋ ಏನೋ, ನನ್ನ ಸಿಂಹ ಮೊದಲ ಸಲ ಗಟ್ಟಿಯಾಗಿ ಗರ್ಜಿಸಿತು. ಮಕ್ಕಳು ಕಿಸಕ್ಕನೆ ನಕ್ಕರು. ಮೊಲ ಸಿಂಹಕ್ಕೆ ಏನು ಹೇಳಿತು, ಗೊತ್ತಿರೋರು ಕೈ ಎತ್ತಿ ಅಂದೆ.

“ಯಾರೂ ಕೈ ಎತ್ತಂಗಿಲ್ಲ,” ಅಂದರು ಯಜಮಾನಿ. “ಬಾಯಲ್ಲೇ ಹೇಳ್ರಿ.”

ಎಲ್ಲರೂ ಒಟ್ಟಿಗೆ ಬಾಯಲ್ಲೇ ಹೇಳಿದರು, ಅರ್ಧ ತೆಲುಗು, ಅರ್ಧ ಕನ್ನಡ. ಕಥೆ ಮುಗಿದಾಗ ಮೇಡಂ, ದನಿ ಹಿಂದಿನ ಗೋಡೆಯವರೆಗೂ ಬಂತು, ಪಾಸು ಅಂದರು.

ಅಷ್ಟರಲ್ಲಿ ಯಜಮಾನಿ ಮೇಡಂ ಆರಿಸಿದ ಹುಳುಗಳನ್ನು ನೋಡಿದರು. ಅರ್ಧಕ್ಕರ್ಧ ಇನ್ನೂ ಸೊಪ್ಪು ತಿನ್ನಬೇಕಾದ ಎಳೆಯವು. ಅವನ್ನು ಒಂದೊಂದಾಗಿ ವಾಪಸ್ಸು ಹಾಕುತ್ತಾ ಸಮಾಧಾನದಿಂದ ಹೇಳಿದರು:

“ಆ ಹುಡ್ಗಿ ಪಾಸಾಗ್ಲಿ ಬಿಡಮ್ಮ. ನಿಂಗೆ ಇನ್ನೊಂಚೂರು ಟ್ರೈನಿಂಗ್ ಬೇಕು.”

ಮೇಡಂ ಮುಖ ಅರಳಿತು. ತಿರುಗಿ ಮೇಷ್ಟ್ರನ್ನು ನೋಡಿದರು.

“ಕೇಳಿಸ್ಕೊಂಡ್ರಾ ಮೇಷ್ಟ್ರೇ? ಟ್ರೈನಿಂಗ್ ಬೇಕಂತೆ. ನಾನು ಗೆದ್ದೆ.”