ಹಣೆಯ ಮೇಲಿನ ಸೊನ್ನೆ

ಆ ಮನೆಯಲ್ಲಿ ಬುದ್ಧಿ ಇದ್ದದ್ದು ಒಬ್ಬಳಿಗೇ ಎಂಬ ಸಂಗತಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆಯೆಂಬುದು ಆಕೆಗೂ ಗೊತ್ತಿತ್ತು. ಆಕೆಗೆ ಗೊತ್ತಿರುವುದು ಉಳಿದವರಿಗೆ ಮರೆತುಹೋದೀತೆಂದು ಆಗಾಗ ನೆನಪಿಸುತ್ತಲೂ ಇದ್ದಳು.

ಕನ್ನಡಕದ ಅಂಗಡಿಯಲ್ಲಿ ಹಗಲೆಲ್ಲ ಊರಿನವರ ಕಣ್ಣಿನ ನಂಬರು ಅಳೆಯುವ ಆಕೆಗೆ ಒಗಟುಗಳ ಹುಚ್ಚು. ಅಜ್ಜಿ ಹೇಳುವ ಒಗಟಲ್ಲ. 'ನನಗೆ ಮೊತ್ತ ಗೊತ್ತು, ನಿನಗೆ ಗುಣಲಬ್ಧ ಗೊತ್ತು, ಉತ್ತರ ನಿನಗೆ ತಿಳಿಯದು ಎಂಬುದು ನನಗೆ ಮೊದಲೇ ಗೊತ್ತಿತ್ತು, ಹಾಗಾದರೆ ಬಚ್ಚಿಟ್ಟ ಎರಡು ಸಂಖ್ಯೆ ಯಾವುವು?' ಎಂಬಂಥ, ಓದಿದರೇ ತಲೆ ಗಿರ್ರೆನ್ನುವ ಒಗಟು. ಊರಿನ ಒಗಟಿನ ಕೂಟದ ಸ್ಪರ್ಧೆಯಲ್ಲಿ, ಗಡ್ಡ ನೀವಿಕೊಳ್ಳುತ್ತ ಕುಳಿತಿದ್ದ ಗಂಡಸರನ್ನೆಲ್ಲ ಹಿಂದೆ ಹಾಕಿ ಆಕೆ ಗೆದ್ದಿದ್ದಳು. ಇನ್ನು ಮೇಲೆ ಭಾನುವಾರ ಬೆಳಗಿನ ಸಭೆಯನ್ನು ತಾವೇ ನಡೆಸಿಕೊಡಬೇಕೆಂದು ಕೂಟದವರು ಕೇಳಿಕೊಂಡಿದ್ದರು. ಮೊದಲ ಸಭೆ ನಾಳೆಯೇ.

"ಹೋಗೇ, ಯಾರು ಬೇಡ ಅಂದ್ರು?" ಎಂದಿದ್ದ ಗಂಡ, ಬಲು ಉದಾರವಾಗಿ. "ತಿಂಡಿ, ಅಡುಗೆ ಎಲ್ಲ ಮುಗಿಸಿಟ್ಟು ಆರಾಮಾಗಿ ಹೋಗಿ ಬಾ." (ಆತ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕ. ಮನೆಯಲ್ಲೂ ಅದೇ ಹುದ್ದೆ.)

"ಅಲ್ಲ ಅತ್ತಿಗೆ, ನಾವೆಲ್ಲ ಸೇರಿ ತಾನೇ ಕೆಲಸ ಮಾಡೋದು? ನಿಮ್ಮೊಬ್ಬರ ಮೇಲೆ ಎಲ್ಲಿ ಬಿಟ್ಟಿದೀವಿ?" ಎಂದು ಮೈದುನ ವಾದ ಮಂಡಿಸಿದ್ದ. ಅವನು ಹೊಸ ವಕೀಲ. ಕಕ್ಷಿದಾರರು ಸಿಗುವ ತನಕ ಅಣ್ಣನ ಪರವಾಗಿ ಪುಕ್ಕಟೆ ವಾದಿಸಿ ನಾಲಿಗೆ ಪಳಗಿಸಿಕೊಳ್ಳುತ್ತಿದ್ದ.

ಜಗಳಕ್ಕಿಳಿದರೆ ಯಾವ ಹೆಂಡತಿಯಾದರೂ ಗೆದ್ದಾಳು. ಅದರಲ್ಲಿ ತನ್ನ ಹೆಚ್ಚುಗಾರಿಕೆ ಏನು ಬಂತು? ಇವರ ಗರ್ವಭಂಗ ಶುದ್ಧ ತರ್ಕದಿಂದಲೇ ಆಗಬೇಕು ಎಂದು ಆಕೆ ನಿರ್ಧರಿಸಿದಳು.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲೇ ಎಲ್ಲರ ಊಟ ಮುಗಿದಿತ್ತು. ಸಿಂಕಿನಲ್ಲಿ ಪಾತ್ರೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕುಳಿತಿದ್ದವು. ಆಕೆ ಮೂರು ಚೀಟಿ ಕತ್ತರಿಸಿ, ಅಂಟು ಹಚ್ಚಿ, ಅತ್ತೆ, ಗಂಡ, ಮೈದುನ ಮೂವರ ಹಣೆಗೂ ಪಟಪಟನೆ ಒತ್ತಿದಳು.

"ಏನೇ ಇದು ತರ್ಕಮ್ಮ, ಪಾರ್ಸೆಲ್ ಮಾಡ್ತಿದೀಯಾ ನಮ್ಮನ್ನ?" ಎಂದ ಗಂಡ.

"ಹೋದ ವಾರ ಯಾರ್ಯಾರು ಎಷ್ಟೆಷ್ಟು ಮನೆಕೆಲಸ ಮಾಡಿದೀರೋ ಅದರ ಲೆಕ್ಕ ಅವರವರ ಹಣೆ ಮೇಲಿದೆ. ನಿಮ್ಮದು ನಿಮಗೆ ಕಾಣಲ್ಲ, ಉಳಿದಿಬ್ಬರದು ಕಾಣುತ್ತೆ. ಯಾರೂ ಬಾಯಿ ಬಿಡೋ ಹಾಗಿಲ್ಲ. ನಾನು ಹೇಳೋದು ಒಂದೇ ಮಾತು: ಇಲ್ಲಿ ಒಬ್ಬರದಾದರೂ ಸೊನ್ನೆ. ನಾನು ತಟ್ಟೆ ಬಡಿದಾಗ, ತನ್ನದು ಸೊನ್ನೆ ಅಂತ ಖಾತ್ರಿ ಆದವರು ಏಳಬೇಕು. ಎದ್ದವರು ಈಗ ಪಾತ್ರೆ ತೊಳೀಬೇಕು, ಇನ್ಮೇಲೆ ಭಾನುವಾರದ ಅಡುಗೇನೂ ಅವರದೇ. ಒಪ್ಪಿಗೆನಾ?"

"ಓಹೋ, ಧಾರಾಳವಾಗಿ!" ಎಂದರು ಅಣ್ಣತಮ್ಮ ಒಂದೇ ಉಸಿರಿಗೆ. ಒಪ್ಪದೆ ಏನು? ಇಬ್ಬರೂ ಎದುರಿಗಿದ್ದವನ ಸೊನ್ನೆಯನ್ನು ಆಗಲೇ ನೋಡಿಕೊಂಡು ಒಳಗೊಳಗೇ ನಗುತ್ತಿದ್ದರು.

ಅತ್ತೆಯ ಹಣೆಯ ಮೇಲೆ ಮೂವತ್ತೆರಡು. ಸೊಪ್ಪು ಬಿಡಿಸಿದ್ದು, ಬಟ್ಟೆ ಮಡಚಿದ್ದು ಎಲ್ಲ ಸೇರಿ. ಗಂಡ, ಮೈದುನರಿಗೆ ದುಂಡನೆಯ ಒಂದೊಂದು ಸೊನ್ನೆ. (ಬಾಗಿಲಲ್ಲಿ ಬಿದ್ದ ಹಾಲಿನ ಪ್ಯಾಕೆಟ್ಟನ್ನು ದಾಟಿಕೊಂಡು ಬಂದು "ಹಾಲು ಬಂದಿದೆ" ಎಂದು ಕೂಗುವುದನ್ನು ಆಕೆ ಕೆಲಸವೆಂದು ಪರಿಗಣಿಸಿರಲಿಲ್ಲ.)

ಢಣ್! ಯಾರೂ ಏಳಲಿಲ್ಲ.

ಆಕೆಗೆ ಪರಮಾನಂದವಾಯಿತು. ಮೊದಲ ಬಡಿತಕ್ಕೆ ಏಳಬಾರದು ಕೂಡ. ಈಗ ಗಂಡ ಹೀಗೆ ಯೋಚಿಸಬೇಕು: 'ನನ್ನದು ಸೊನ್ನೆ ಅಲ್ಲದಿದ್ದರೆ ತಮ್ಮನ ಕಣ್ಣಿಗೆ ಎಲ್ಲೂ ಸೊನ್ನೆ ಬೀಳುತ್ತಿರಲಿಲ್ಲ. ಆಗ ತನ್ನದೇ ಸೊನ್ನೆ ಎಂದು ತಿಳಿದು ಅವನು ಎದ್ದುಬಿಡುತ್ತಿದ್ದ. ಅವನು ಏಳಲಿಲ್ಲ. ಅಂದರೆ ಅವನಿಗೊಂದು ಸೊನ್ನೆ ಕಾಣುತ್ತಿದೆ. ಅದು ನನ್ನದೇ!' ತಮ್ಮನೂ ಅಣ್ಣನನ್ನು ನೋಡಿ ಹೀಗೆಯೇ ಯೋಚಿಸುತ್ತಾನೆ. ಎರಡನೆಯ ಬಡಿತಕ್ಕೆ ಇಬ್ಬರೂ ಎದ್ದು ನಿಲ್ಲಲೇಬೇಕು. ತರ್ಕಶಾಸ್ತ್ರದಲ್ಲಿ ಬೇರೆ ದಾರಿಯೇ ಇಲ್ಲ.

ಢಣ್! ಯಾರೂ ಏಳಲಿಲ್ಲ. ಇನ್ನೊಮ್ಮೆ ಢಣ್! ಮೈದುನ ಕಾಲು ಚಾಚಿ ಗೋಡೆಗೊರಗಿದ.

"ರೀ, ಸ್ವಲ್ಪ ಯೋಚನೆ ಮಾಡ್ರೀ! ನಿಮ್ಮ ತಮ್ಮ ಯಾಕೆ ಎದ್ದಿಲ್ಲ?"

"ಅವನು ಯಾವತ್ತು ಎದ್ದಿದಾನೆ?" ಎಂದ ಗಂಡ.

"ಅಣ್ಣ ಊಟ ಆದ್ಮೇಲೆ ಎದ್ದಿದ್ದನ್ನ ನಾನಂತೂ ಕಂಡಿಲ್ಲ ಅತ್ತಿಗೆ," ಎಂದ ಮೈದುನ. "ಅವನು ಕೂತಿರೋದನ್ನ ಸಾಕ್ಷಿ ಅಂತ ಹೇಗೆ ಹಿಡಿಯೋದು? ಯಾವ ಕೋರ್ಟೂ ಒಪ್ಪಲ್ಲ."

ಆಕೆ ತಬ್ಬಿಬ್ಬಾದಳು. ಏಳುವ ಅಭ್ಯಾಸವಿರುವ ಮನೆಯಲ್ಲಿ ಮಾತ್ರ ಏಳದಿರುವುದಕ್ಕೆ ಅರ್ಥವಿರುತ್ತದೆ ಎಂಬುದು ಯಾವ ಒಗಟಿನ ಪುಸ್ತಕದಲ್ಲೂ ಬರೆದಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ತಾಳ್ಮೆ ತೀರಿತು. "ಲೋ, ಇಬ್ಬರದೂ ಸೊನ್ನೆ ಕಣ್ರೋ ದಂಡಪಿಂಡಗಳಾ! ಏಳ್ರೋ ಮೇಲೆ!"

ಹೆತ್ತ ಗಂಟಲಿನ ಮಹಿಮೆಯೇ ಬೇರೆ. ಅಣ್ಣತಮ್ಮ ಇಬ್ಬರೂ ಸ್ಪ್ರಿಂಗಿನಂತೆ ಎದ್ದರು. ಗಂಡ ಅಂಗಿಯ ತೋಳು ಮಡಚಿದ. ಮೈದುನ ನಲ್ಲಿ ತಿರುಗಿಸಿಯೇ ಬಿಟ್ಟ.

"ಕೂತ್ಕೊಳ್ಳಿ!" ಎಂದು ಗುಡುಗಿದಳು ಆಕೆ. "ಅತ್ತೆ ಹೇಳಿಕೊಟ್ಟರೆ ಅದು ಉತ್ತರ ಅಲ್ಲ, ಕಾಪಿ! ನೀವಾಗೇ ಕಂಡುಹಿಡೀಬೇಕು!"

ಇಂಥ ಅಪ್ಪಣೆಯನ್ನು ಜನ್ಮದಲ್ಲಿ ಮೀರಿದವರಲ್ಲ ಅವರು. ಕುಳಿತರು.

"ಅಯ್ಯೋ ಹುಚ್ಚಿ, ಎದ್ದ ಗಂಡಸರನ್ನ ಕೂರಿಸಿದೆಯಲ್ಲೇ!" ಎಂದು ಅತ್ತೆ ತಲೆ ಚಚ್ಚಿಕೊಂಡರು.

"ಸುಮ್ನಿರಿ ಅತ್ತೆ. ಇದು ಸಿದ್ಧಾಂತದ ಪ್ರಶ್ನೆ."

ಸಿದ್ಧಾಂತ ವಿವರಿಸಲು ಆಕೆಗೆ ಉಪಕರಣಗಳು ಬೇಕಾದವು. ಸಿಂಕಿನಿಂದ ಒಂದು ತಟ್ಟೆ ತೆಗೆದು ತೊಳೆದು, "ಇದು ನೀವು," ಎಂದಳು. ಇನ್ನೊಂದು ತೊಳೆದು, "ಇದು ನಿಮ್ಮ ತಮ್ಮ." ಅತ್ತೆಗೆ ಒಂದು ಪಾತ್ರೆ. ತಮ್ಮನ ಮನಸ್ಸಿನಲ್ಲಿರುವ ಅಣ್ಣನಿಗೆ ಒಂದು ಲೋಟ, ಅಣ್ಣನ ಮನಸ್ಸಿನಲ್ಲಿರುವ ತಮ್ಮನ ಮನಸ್ಸಿನಲ್ಲಿರುವ ಅಣ್ಣನಿಗೆ ಒಂದು ಸೌಟು. ಬಾಣಲೆ ಬಹಳ ತಡವಾಗಿ, ನಿರ್ಣಾಯಕ ಘಟ್ಟದಲ್ಲಿ ಬಂತು. ಅದನ್ನು ಉಜ್ಜಿ ಉಜ್ಜಿ ಹೊಳೆಯಿಸಿ ಎತ್ತಿ ಹಿಡಿದಳು.

ಗಂಡನ ಹುಬ್ಬು ಮೇಲೇರಿತು. "ತಡಿ ತಡಿ... ಅವನು ಎದ್ದಿಲ್ಲ... ಅಂದ್ರೆ ಅವನಿಗೆ ಕಾಣ್ತಿರೋದು... ಅಯ್ಯಯ್ಯೋ, ನಂದೂ ಸೊನ್ನೆ!"

"ನಂದೂ ಸೊನ್ನೆ ಕಣೋ ಅಣ್ಣಾ!"

ಅಣ್ಣತಮ್ಮ ತಬ್ಬಿಕೊಂಡು ಕುಣಿದರು. (ಸೋಮಾರಿತನವನ್ನು ಇಷ್ಟು ಹೆಮ್ಮೆಯಿಂದ ಒಪ್ಪಿಕೊಂಡವರು ಬೇರೆಲ್ಲೂ ಇರಲಿಕ್ಕಿಲ್ಲ.) ಆಕೆಯ ಕಣ್ಣು ತುಂಬಿ ಬಂತು. ಕೂಟದ ಗಡ್ಡದವರೇ ತಿಣುಕಾಡಿದ ವಿದ್ಯೆಯನ್ನು ಈ ಇಬ್ಬರಿಗೆ ಒಂದೇ ಮಧ್ಯಾಹ್ನದಲ್ಲಿ ಕಲಿಸಿದ್ದಳು! ಸಿಂಕು ಖಾಲಿಯಾಗಿದ್ದು ಆಕೆಯ ಗಮನಕ್ಕೇ ಬರಲಿಲ್ಲ.

"ನಾಳೆ ನಾವೂ ನಿನ್ನ ಕೂಟಕ್ಕೆ ಬರ್ತೀವಿ ಕಣೇ. ಎಲ್ಲರ ಮುಂದೆ ನಾನೇ ನಿಂತು ವಿವರಿಸ್ತೀನಿ," ಎಂದ ಗಂಡ.

ಆಕೆಗೆ ಆ ದೃಶ್ಯ ಕಣ್ಣಿಗೆ ಕಟ್ಟಿತು. ಶಿಷ್ಯರಿಬ್ಬರು ಸಭೆಯ ನಡುವೆ. 'ಇವರನ್ನು ತಿದ್ದಿದವರು ಯಾರು?' ಎಂಬ ಪಿಸುಮಾತು. ಎಲ್ಲ ಗಡ್ಡಗಳೂ ಆಕೆಯ ಕಡೆ ತಿರುಗುತ್ತಿವೆ.

"ಖಂಡಿತ ಬನ್ನಿ!" ಎಂದಳು ಎದೆಯುಬ್ಬಿಸಿ.

"ಅದೆಲ್ಲ ಸರಿ," ಎಂದರು ಅತ್ತೆ. "ಇವರಿಬ್ಬರೂ ಅಲ್ಲಿ ಭಾಷಣ ಮಾಡ್ತಿದ್ರೆ ಇಲ್ಲಿ ಒಲೆ ಹಚ್ಚೋರು ಯಾರು?"

"ಅದೇನು ಮಹಾ! ಬೆಳಿಗ್ಗೆ ಬೇಗ ಎದ್ದು ಎಲ್ಲ ಮಾಡಿಟ್ಟು ಹೋದರಾಯ್ತು," ಎಂಬ ಮಾತು ಅಡುಗೆಮನೆಯಲ್ಲಿ ಕೇಳಿಬಂತು.

ಯಾರಪ್ಪ ಅದು ಇಂಥ ಮಾತಾಡಿದ್ದು ಎಂದು ಆಕೆ ಕೆಕ್ಕರಿಸಿಕೊಂಡು ಸುತ್ತ ನೋಡಿದಳು. ಗಂಡನ ಬಾಯಿ ಮುಚ್ಚಿತ್ತು. ಮೈದುನನ ಬಾಯಿ ಮುಚ್ಚಿತ್ತು. ಅತ್ತೆಯ ಬಾಯಿ ತೆರೆದಿತ್ತಾದರೂ ಅದು ಬರೀ ಬೆರಗಿನಿಂದ. ಉಳಿದದ್ದು ಆಕೆಯ ಕಣ್ಣಿಗೆ ಕಾಣದ ಒಂದೇ ಒಂದು ಬಾಯಿ. ಈ ಒಗಟು ಬಿಡಿಸಲು ತಟ್ಟೆ ಬಡಿಯುವ ಅಗತ್ಯವೂ ಬೀಳಲಿಲ್ಲ.