ಸೆಕೆಂಡ್ ಹ್ಯಾಂಡ್ ಹಡಗು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಕಬಕದಲ್ಲಿ ಬಸ್ಸಿಳಿದವರಿಗೆಲ್ಲ ಹೇಳಿಯಾಯಿತು, ನೀವೂ ಕೇಳಿ. ಆದರೆ ಈ ಮನೆಯಲ್ಲಿ ಮೊದಲೇ ಒಂದು ದೊಡ್ಡ ಮಗು ಉಂಟು: ನನ್ನ ತಮ್ಮ. ದೇಶ ಕಾದವನೆಂದು ಕೈಮುಗಿಯಬೇಡಿ, ಅವನು ಕಾದದ್ದು ಒಂದು ಬಾಯ್ಲರನ್ನು!

ಯುದ್ಧ ಮಾಡಿ ಸುಸ್ತಾದ ಫ್ರಿಗೇಟ್ ಎಂಬ ಜಾತಿಯ ಹಡಗೊಂದನ್ನು ಇಂಗ್ಲಿಷಿನವರು ನಮ್ಮ ನೌಕಾಪಡೆಗೆ ದಾಟಿಸಿದ್ದರು. ಅದರ ಹೊಟ್ಟೆಯೊಳಗೆ ಇವನ ಕೆಲಸ. "ಸೆಕೆಂಡ್ ಹ್ಯಾಂಡ್" ಎಂದಿರೋ, ಊರಿಗೆ ಬಂದವನಿಗೆ ರಜೆ ಮುಗಿಯುವವರೆಗೆ ಮಾತಿಲ್ಲ! ಎದುರಂಗಡಿಯ ಮೊಯ್ದೀನ್ ಕಾಕ ಬಿಡುವವರೇ?

"ಗೋವಾ ಬಿಡಿಸ್ಲಿಕ್ಕೆ ನಿಮ್ಮ ಹಡಗು ಹೋಗಿತ್ತಾ ಮಾರಾಯ್ರೆ?"

"ಹೋಗ್ಬೇಕಿತ್ತು. ರಿಪೇರಿಗೆ ನಿಂತಿತ್ತು."

"ಅದೃಷ್ಟ!"

"ಯಾರದ್ದು?"

"ಪೋರ್ಚುಗೀಸರದ್ದು!"

ತಮ್ಮ ಊಟಕ್ಕೆ ಕೂತರೆ ಎಡಗೈಯಲ್ಲಿ ಬಟ್ಟಲನ್ನು ಗಟ್ಟಿಯಾಗಿ ಹಿಡಿಯುವುದು. ಹಡಗು ಓಲಾಡುವಾಗ ಜಾರುತ್ತದಂತೆ. "ಕಬಕದ ನೆಲ ಎಲ್ಲಿಗೆ ಹೋಗುದು ಮಾರಾಯ?" ಎಂದರೆ, "ಹೇಳ್ಲಿಕ್ಕಾಗುದಿಲ್ಲ ಅಕ್ಕ" ಎನ್ನುತ್ತಿದ್ದ. ನಮ್ಮ ನೆಲದ ಮೇಲೆ ಅಷ್ಟು ನಂಬಿಕೆ!

ಕಳೆದ ವರ್ಷ ಆ ಹಡಗನ್ನು ಗುಜರಿಗೆ ಹಾಕಿದರು. ಇವನೂ ನೌಕರಿ ಮುಗಿಸಿ, ಹಡಗಿನಲ್ಲಿ ಮಲಗುತ್ತಿದ್ದ ಹತ್ತಿ ಕ್ಯಾನ್ವಾಸಿನ ತೂಗುಹಾಸಿಗೆಯನ್ನು ಸುತ್ತಿ ಹೆಗಲಿಗೇರಿಸಿಕೊಂಡು ಬಂದ. ಅದನ್ನು ಅಟ್ಟಕ್ಕೆ ಹಾಕಿದ. ಆಮೇಲೆ ನಮ್ಮೊಟ್ಟಿಗೆ ಊಟಕ್ಕೆ ಕೂರಲೇ ಇಲ್ಲ. ಹಿತ್ತಿಲ ಮೆಟ್ಟಿಲಲ್ಲಿ ಒಬ್ಬನೇ, ಬಟ್ಟಲು ಹಿಡಿದುಕೊಂಡು. ಬೇಕೆಂದೇ "ಸೆಕೆಂಡ್ ಹ್ಯಾಂಡ್" ಎಂದು ಕೆಣಕಿ ನೋಡಿದೆ. ಕೋಪವೂ ಬರಲಿಲ್ಲ. ನನಗೆ ಹೆದರಿಕೆಯಾಯಿತು.

ಇವತ್ತು ಮಗುವನ್ನು ತೊಲೆಗೆ ಕಟ್ಟುವ ಬಟ್ಟೆಯ ತೊಟ್ಟಿಲಿಗೆ ಹಾಕುವ ದಿನ. ಎಳೆಮಗುವಿಗೆ ನಮ್ಮಲ್ಲಿ ಹೊಸ ಬಟ್ಟೆ ಆಗದು, ಹಿರಿಯರು ಬಳಸಿ ಮೆತ್ತಗಾದ ಹತ್ತಿಯದ್ದೇ ಬೇಕು. ಈ ಶೋಕಿಯ ಅಜ್ಜಿಯೋ, ಹಳೆ ಸೀರೆಗಳನ್ನೆಲ್ಲ ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಚೆಂಬು ತೆಗೆದುಕೊಂಡಾಗಿತ್ತು! ಪೆಟ್ಟಿಗೆಯಲ್ಲಿ ಬರೀ ನೈಲಾನು.

"ಚೆಂಬಿನೊಳಗೆ ಮಲಗಿಸುದಾ ಅಮ್ಮ?" ಎಂದಳು ಮಗಳು.

ಆಗ ಬಾಗಿಲಲ್ಲಿ ತಮ್ಮ. ಕೈಯಲ್ಲಿ ಒಗೆದು ಒಣಗಿಸಿದ ತೂಗುಹಾಸಿಗೆ.

"ಇದು ಆಗ್ತದಾ ಅಕ್ಕ? ಮೊದಲು ಯಾವನೋ ಇಂಗ್ಲಿಷಿನವ ಮಲಗಿದ್ದು, ಆಮೇಲೆ ನಾನು." ಅವನೇ ಹೇಳಿದ, "ಸೆಕೆಂಡ್ ಹ್ಯಾಂಡ್."

ಕೆನ್ನೆಗೆ ಒತ್ತಿ ನೋಡಿದೆ. ನಮ್ಮಮ್ಮನ ಸೆರಗಿನಷ್ಟೇ ಮೆತ್ತಗೆ.

"ಆಗದೆ ಎಂತ? ಕಟ್ಟು ಮಾರಾಯ!"

ತೊಲೆಗೆ ಅವನೇ ಗಂಟು ಹಾಕಿದ. ಅದನ್ನು ಬಿಚ್ಚಲು ಇನ್ನೊಂದು ನೌಕಾಪಡೆಯೇ ಬರಬೇಕು! ಸಂಜೆ ಅದರ ಪಕ್ಕದಲ್ಲೇ ಚಾಪೆ ಹಾಸಿ ಮನೆಯವರೆಲ್ಲ ಊಟಕ್ಕೆ ಕೂತೆವು. ಅವನೂ ಬಂದು ಕೂತ. ಬಲಗೈ ಪಾಯಸದಲ್ಲಿ. ಎಡಗೈ ತೂಗುಹಾಸಿಗೆಯ ಅಂಚು ಹಿಡಿದು ಮೆಲ್ಲಗೆ ತೂಗುತ್ತಿತ್ತು. ಬಟ್ಟಲು ಅದರ ಪಾಡಿಗೆ ನೆಲದ ಮೇಲಿತ್ತು.